ಕೀ ತೆಗೆದರೂ ನಿಲ್ಲದ ಗಾಡಿ

ಆರ್.ಟಿ. ನಗರದ ಮದುವೆ ಬಿರಿಯಾನಿಯ ಬಾವರ್ಚಿ ಜಮೀರನಿಗೆ ಮೂಗಿನ ತುದಿಯಲ್ಲೇ ಕೋಪ. ಅವನ ಗಾಡಿಯನ್ನು ಆಡಿಕೊಂಡರಂತೂ ಮುಗಿದೇ ಹೋಯಿತು. ಜರ್ಮನಿಯಿಂದ ಹಡಗಿನಲ್ಲಿ ಬಂದ ಹಳೇ ಡೀಸೆಲ್ ವ್ಯಾಗನ್ ಅದು. ಹಿಂದಿನ ಸೀಟು ಮಡಚಿದರೆ ಹಂಡೆಯಂಥ ಎರಡು ತಾಮ್ರದ ದೇಗು ಬಿರಿಯಾನಿ ಸಮೇತ ಕೂತು ಬರುತ್ತಿದ್ದವು. ಬೇರೆ ಯಾವ ಬಾವರ್ಚಿಗಿತ್ತು ಆ ಭಾಗ್ಯ?

ಈಚೆಗೆ ಗಾಡಿ ಒಂದು ಕೆಟ್ಟ ಚಾಳಿ ಕಲಿತಿತ್ತು. ಕೀ ಕಿತ್ತು ಜೇಬಿಗೆ ಹಾಕಿಕೊಂಡರೂ ಇಂಜಿನ್ ಗುಡುಗುಡು ಅನ್ನುತ್ತಲೇ ಇರುತ್ತಿತ್ತು, ಕಣ್ಣಿಗೆ ಕಾಣದವರು ಯಾರೋ ಒಳಗೆ ಕೂತ ಹಾಗೆ.

ಯಶವಂತಪುರದ ಮೆಕ್ಯಾನಿಕ್ ಮಹೇಂದ್ರ ಬಾನೆಟ್ ಎತ್ತಿ ಸಣ್ಣ ಪೈಪೊಂದನ್ನು ತೋರಿಸಿದ. "ಇಲ್ಲಿ ಬಿರುಕು ಬಿಟ್ಟು ಗಾಳಿ ಸೇರ್ಕೊಳ್ತಾ ಇದೆ ಭಾಯ್. ಇಂಜಿನ್ ನಿಲ್ಸೋದೂ ಇದೇ, ಬ್ರೇಕಿಗೆ ಬಲ ಕೊಡೋದೂ ಇದೇ. ಹೊಸದು ತರಿಸ್ತೀನಿ, ಅಲ್ಲೀವರ್ಗೂ ಗಾಡಿ ತೆಗೀಬೇಡಿ."

"ನಾಳಿದ್ದು ಯಲಹಂಕದಲ್ಲಿ ನಿಕಾ ಇದೆ. ದೇಗು ನಿನ್ ತಲೆ ಮೇಲಿಟ್ಕೊಂಡು ಹೋಗ್ಲಾ?"

"ನನ್ ತಲೆ ಬೇಡ ಭಾಯ್, ಟೆಂಪೋ ಮಾಡ್ಕೊಳ್ಳಿ."

ಟೆಂಪೋ! ಜಮೀರ ಉರಿಯುತ್ತಲೇ ಮನೆಗೆ ಬಂದ. ಹಬೆ ಹೊರಬರದ ಹಾಗೆ ದೇಗಿನ ಮುಚ್ಚಳಕ್ಕೆ ಮೈದಾ ಹಿಟ್ಟು ಮೆತ್ತಿ ಮೆತ್ತಿಯೇ ಕೂದಲು ನೆರೆತವನು ಅವನು. ಅದೇ ಹಿಟ್ಟನ್ನು ಪೈಪಿನ ಬಿರುಕಿಗೆ ಮೆತ್ತಿ ಬಟ್ಟೆ ಸುತ್ತಿದ. ಇಂಜಿನ್ ಶುರು ಮಾಡಿ ನೋಡಿ, ಕೀ ತಿರುಗಿಸಿ ತೆಗೆದ. ಇಂಜಿನ್ ತಕ್ಷಣ ಗಪ್‌ಚುಪ್.

"ಮೆಕ್ಯಾನಿಕ್ ಅಂತೆ ಮೆಕ್ಯಾನಿಕ್!"

"ಅಜೀ, ಬಿಸಿ ತಾಗಿದ್ರೆ ಆ ಹಿಟ್ಟು ಒಣಗಿ ಬಿರಿಯಲ್ವಾ?" ಅಂದಳು ಹೆಂಡತಿ ಸಬೀರಾ. ಅವನು ಕಿವಿಗೇ ಹಾಕಿಕೊಳ್ಳಲಿಲ್ಲ.

ನಿಕಾ ದಿನ ದೇಗು ಅಲ್ಲಾಡದಂತೆ ಹಿಡಿದುಕೊಳ್ಳಲು ಮಗಳು ಅಮೀನಾ ಹಿಂದೆ ಕುಕ್ಕರಗಾಲಲ್ಲಿ ಕೂತಳು. ದಾರಿಯಲ್ಲಿ ಮೊಸರು ಕೊಳ್ಳಲೆಂದು ನಿಲ್ಲಿಸಿ ಜಮೀರ ಕೀ ತೆಗೆದ. ಇಂಜಿನ್ ನಿಲ್ಲಲಿಲ್ಲ. ಮತ್ತೆ ಕೀ ಹಾಕಿ ತಿರುಗಿಸಿ ಎಳೆದ, ಗುಡುಗುಡು ಹಾಗೇ ಇತ್ತು.

"ಅಬ್ಬಾ, ವಾಪಸ್ ಹೋಗೋಣ್ವಾ?" ಹಿಂದಿನಿಂದ ಮಗಳು ಅಪ್ಪನನ್ನು ಕೇಳಿದಳು.

"ಬಾಯ್ಮುಚ್ಕೊಂಡು ದೇಗು ಹಿಡ್ಕೋ! ಮದ್ವೆ ಮನೇಲಿ ಜನ ಹಸ್ಕೊಂಡು ಕೂತಿರ್ತಾರೆ."

ಹೆಬ್ಬಾಳದ ಫ್ಲೈಓವರ್ ಇಳಿಯುವಾಗ ಮುಂದಿನ ಗಾಡಿಗಳ ಕೆಂಪು ದೀಪಗಳು ಒಟ್ಟಿಗೇ ಹತ್ತಿಕೊಂಡವು. ಬ್ರೇಕ್ ತುಳಿದರೆ ಬಂಡೆ ತುಳಿದ ಹಾಗಿತ್ತು. ಗೇರು ಇಳಿಸಿದ, ಹ್ಯಾಂಡ್‌ಬ್ರೇಕ್ ಎಳೆದ, ಸೀಟು ಬಿಟ್ಟೆದ್ದು ಮೈಯ ಭಾರವನ್ನೆಲ್ಲ ಕಾಲಿಗೆ ಹಾಕಿದ. ಗಾಡಿ ಪಕ್ಕದ ತಡೆಗೋಡೆಗೆ ಮೈ ಉಜ್ಜಿಕೊಂಡು ಬಸ್ಸೊಂದರ ಬೆನ್ನಿಗೆ ಗೇಣು ದೂರದಲ್ಲಿ ನಿಂತಿತು. ಹಿಂದೆ ದೇಗು ಜಾರಿತು, ಮುಚ್ಚಳದ ಹಿಟ್ಟು ಬಿರಿಯಿತು. ಬುಸ್ಸೆಂದು ಎದ್ದ ಹಬೆ ಗಾಜುಗಳನ್ನೆಲ್ಲ ಬೆಳ್ಳಗೆ ಮುಚ್ಚಿತು.

"ಅಮೀನಾ!"

"ಅಬ್ಬಾ... ಕೈ... ನನ್ ಕೈ..."

ಕೀ ಕಿತ್ತುಕೊಂಡು ಹಿಂಬಾಗಿಲಿಗೆ ಓಡಿದ. ಹಬೆಯೊಳಕ್ಕೆ ಕೈ ಚಾಚಿ ಮಗಳನ್ನು ತಡಕಿದ. ಇನ್ನೊಂದು ಕೈಯ ಮುಷ್ಟಿಯಲ್ಲಿ ಕೀ ಇತ್ತು. ಇಂಜಿನ್ ಗುಡುಗುಡು ಅನ್ನುತ್ತಲೇ ಇತ್ತು.