ಅಗಸಿ ಮುಚ್ಚಿದ ಮುದುಕ

ಶಿವಕಾಂತಾಗೆ ಸಿಟ್ಟು ಬರುವುದು ಹೊಸ ಸುದ್ದಿಯಲ್ಲ. ಆಳಂದದ ಆ ಓಣಿಯಲ್ಲಿ ಯಾರನ್ನಾದರೂ ಕೇಳಿ, ಹೇಳುತ್ತಾರೆ: ರೊಟ್ಟಿ ಬೇಕಾದ್ರ ಶಿವಕಾಂತಾನ ಮನಿಗಿ ಹೋಗ್ರಿ, ಆದ್ರ ಎರಡು ಸಲ ಕೂಗಬ್ಯಾಡ್ರಿ. ರೊಟ್ಟಿ ದಪ್ಪ ಆಗ್ಯಾವ ಅಂದರೆ ಅವಳಿಗೆ ಸಿಟ್ಟು. ಇವತ್ತ ಛಲೋ ಆಗ್ಯಾವ ಅಂದರೂ ಸಿಟ್ಟು. 'ಅಂದ್ರ ನಿನ್ನಿ ಹೊಲಸು ಇದ್ದವೇನು?' ಅಂತ ತಿರುಗಿ ಬೀಳುತ್ತಾಳೆ. ಗಂಡ ಕಲ್ಯಾಣಕುಮಾರ ಬಸ್ ಕಂಡಕ್ಟರ್, ಜೇವರ್ಗಿ ರೂಟು. 'ಬಸ್ಸಿನಾಗ ಮಂದಿ ಬೈತಾರ, ಮನ್ಯಾಗ ನೀ ಬೈತಿ, ನನಗೇನೂ ಫರಕ್ ಇಲ್ಲ' ಎಂದು ನಗುತ್ತ ಉಣ್ಣುವ ಮನುಷ್ಯ. ಪುಣ್ಯವಂತ.

ಆದರೆ ಮಧ್ಯಾಹ್ನ ಒಂದು ಹೊತ್ತು ಅವಳ ಮುಖ ಬೇರೆಯೇ ಇರುತ್ತಿತ್ತು. ರೊಟ್ಟಿ ಬಡಿದು ಮುಗಿದ ಮೇಲೆ ಕೈ ತೊಳೆದು, ಬಾಗಿಲು ಮುಂದೆ ಮಾಡಿ, ಟಿವಿ ಎದುರು ಚಾಪೆ ಹಾಕಿ ಗೇಮಿನ ರಿಮೋಟ್ ಹಿಡಿದು ಕೂಡುತ್ತಿದ್ದಳು. ಹೌದು, ವಿಡಿಯೋ ಗೇಮ್. ಕಲಬುರಗಿಯಲ್ಲಿ ಕಾಲೇಜು ಓದುವ ಮಗಳಿರುವ ಹೆಣ್ಣುಮಗಳು. ಓಣಿಯವರಿಗೆ ನಗಲು ಇಷ್ಟು ಸಾಕಾಯಿತು. ಅವಳೇನು ಸುಮ್ಮನಿರುವವಳೇ?

'ಸೀರಿಯಲ್ಲಿನಾಗ ಅತ್ತಿ ಸೊಸಿಗಿ ವಿಷ ಹಾಕೂದು ವರ್ಷಗಟ್ಟಲೆ ಬಾಯಿ ತಕ್ಕೊಂಡು ನೋಡ್ತೀರಿ. ನಾ ಒಂದು ಕಥಿ ಕೈಲೆ ನಡಸಿದ್ರ ನಿಮಗ್ಯಾಕ ಹೊಟ್ಟಿ ಉರಿ?' ಎಂದು ಕಟ್ಟೆಯ ಮೇಲೆಯೇ ನಿಂತು ಕೇಳಿದಳು. ಅವತ್ತಿನಿಂದ ಅವಳೆದುರಿಗೆ ಯಾರೂ ನಗಲಿಲ್ಲ.

ಆ ಕಥೆಯ ಮೂಲ ಹಿಂದಿನದು. ಶಿವಕಾಂತಾ ಹುಟ್ಟಿದ್ದು ಅಫಜಲಪುರ ತಾಲೂಕಿನ ಕರಜಗಿಯಲ್ಲಿ. ಅಪ್ಪ ಚಂದ್ರಾಮಪ್ಪನದು ನೀರಾವರಿ ಹೊಲ, ಕಬ್ಬು. ಉಣ್ಣಲು ಉಡಲು ಕೊರತೆಯಿರಲಿಲ್ಲ. ತಮ್ಮ ಅನೀಲಕುಮಾರ ಹತ್ತನೇ ಇಯತ್ತೆಯನ್ನು ಹೇಗೋ ದಾಟಿದ ಅಂತ ಅಪ್ಪ ಸೊಲ್ಲಾಪುರಕ್ಕೆ ಹೋಗಿ ಗೇಮಿನ ಡಬ್ಬಿ ತಂದುಕೊಟ್ಟ. ಅದೇ ವರ್ಷ ಪಿಯುಸಿಯಲ್ಲಿ ಫಸ್ಟ್ ಕ್ಲಾಸ್ ಬಂದ ಮಗಳಿಗೆ ಏನು ತಂದ? ಸೀರೆ. ಅದರ ಹಿಂದೆಯೇ ಒಂದು ವರ.

ಡಬ್ಬಿಯ ಜೊತೆ ಬಂದ ಆಟ ಪೂರಾ ಇಂಗ್ಲಿಷಿನಲ್ಲಿತ್ತು. ಬರೀ ಓಡು, ಹೊಡಿ ಅನ್ನುವಂಥದ್ದಲ್ಲ. ಹೆಜ್ಜೆಹೆಜ್ಜೆಗೂ ಮಾತು, ಮಾತಿಗೊಂದು ಕಥೆ. ಅನೀಲನಿಗೆ ಆ ಅಕ್ಷರ ನೋಡಿದರೆ ಜ್ವರ ಬರುತ್ತಿತ್ತು. ಹಾಗಾಗಿ ಅಕ್ಕ ಓದಬೇಕು, ಕನ್ನಡದಲ್ಲಿ ಹೇಳಬೇಕು, ತಮ್ಮ ಒತ್ತಬೇಕು. ಅವಳು 'ನಾನೂ ಒಂದೀಟು ಆಡ್ತೇನಿ ಕೊಡಲೇ' ಅಂದರೆ 'ನಿನಗ ಆಗಂಗಿಲ್ಲ, ನೀ ಓದು' ಅನ್ನುತ್ತಿದ್ದ. ಅವ್ವ ಗೌರಾಬಾಯಿ ಒಳಗಿನಿಂದಲೇ 'ಗಂಡ್ಹುಡುಗನ ಸಾಮಾನು ಅದು, ಬಿಡು' ಅನ್ನುತ್ತಿದ್ದಳು. ಬೆಳಿಗ್ಗೆಯಿಂದ ಓದಿ ಓದಿ ಗಂಟಲು ಒಣಗುತ್ತಿತ್ತು, ರಿಮೋಟ್ ಮಾತ್ರ ಒಂದು ದಿನವೂ ಅವಳ ಕೈಗೆ ಬರಲಿಲ್ಲ.

ಕಥೆ ಹೀಗಿತ್ತು. ಒಂದು ಊರು, ಊರಿಗೊಂದು ಅಗಸಿಯ ಹೆಬ್ಬಾಗಿಲು. ದಂಡು ಬಂದ ರಾತ್ರಿ ಅಗಸಿಯ ಕಾವಲುಗಾರ ಬಾಗಿಲು ಮುಚ್ಚಿದ. ಒಬ್ಬ ಹುಡುಗಿಯ ತಾಯಿ ಹೊರಗೇ ಉಳಿದಳು. ಆಕೆ ಬಾಗಿಲು ಬಡಿಯುವುದನ್ನು ಮಗಳು ಒಳಗೆ ನಿಂತು ಕೇಳಿದಳು. ಅವನು ತೆಗೆಯಲಿಲ್ಲ. ಬೆಳಗಾಗುವುದರೊಳಗೆ ಊರು ಬಿಟ್ಟೇ ಹೋದ. ಆ ಹುಡುಗಿ ಕೆಂಪು ಶಾಲು ಹೊದ್ದು ಅವನನ್ನು ಹುಡುಕುತ್ತ ದೇಶವೆಲ್ಲ ತಿರುಗುತ್ತಾಳೆ. ಆಟದೊಳಗೆ ಅವಳ ಹೆಸರು ಬೇರೇನೋ ಇತ್ತು, ಬಾಯಿ ತಿರುಗದ್ದು. ಶಿವಕಾಂತಾ ಅವಳನ್ನು ನೀಲವ್ವ ಅಂದಳು. ಅಕ್ಕತಮ್ಮ ಇಬ್ಬರಿಗೂ ಅದೇ ಹೆಸರಾಯಿತು.

ನೀಲವ್ವ ಇನ್ನೂ ಅರ್ಧ ದಾರಿಯಲ್ಲಿರುವಾಗ ಶಿವಕಾಂತಾಳ ಲಗ್ನ ಆಗಿಹೋಯಿತು. ಡಿಗ್ರಿ ಓದುತ್ತೇನೆ ಅಂತ ಅವಳು ಅತ್ತಳು, ಊಟ ಬಿಟ್ಟಳು. ಅಪ್ಪ ಕೇಳಲಿಲ್ಲ, ಅಪ್ಪಂದಿರು ಯಾವಾಗ ಕೇಳಿದ್ದಾರೆ? ಅವಳು ಕಾದಿದ್ದು ಅವ್ವನ ಒಂದು ಮಾತಿಗೆ. ಗೌರಾಬಾಯಿ ಒಂದೇ ಒಂದು ಸಲ 'ಹುಡುಗಿ ಓದ್ಲಿ ಬಿಡ್ರಿ' ಅಂದಿದ್ದರೆ ಸಾಕಿತ್ತು. ಅನ್ನಲಿಲ್ಲ. ತಲೆ ತಗ್ಗಿಸಿ ಅಕ್ಕಿ ಆರಿಸುತ್ತ ಕೂತಳು. ಯಾಕೆ ಸುಮ್ಮನಿದ್ದೆ ಅಂತ ಶಿವಕಾಂತಾ ಆಮೇಲೆ ಎಷ್ಟೋ ಸಲ ಕೇಳಬೇಕೆಂದಳು, ಅವ್ವನ ಮುಖ ನೋಡಿದಾಗೆಲ್ಲ ಬೇರೇನೋ ಕೇಳಿ ಎದ್ದುಬಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಅಂತಾರಲ್ಲ, ಹೊರಗಿನವರು ಹಿಂದಿನದನ್ನು ಕೆದಕಬಾರದು.

ಮದುವೆಯಾದ ವರ್ಷ ನಾಗರ ಪಂಚಮಿಗೆ ತವರಿಗೆ ಹೋದಾಗ ಮೊದಲು ಕೇಳಿದ್ದು ಆಟದ ಮಾತನ್ನೇ. 'ಅನೀಲಾ, ನೀಲವ್ವಗ ಆ ಕಾವಲುಗಾರ ಸಿಕ್ಕನೇನು? ಏನಂದ?'

'ಯಾವ ಕಾವಲುಗಾರ ಬೇ? ಕಡೀಕ ಒಬ್ಬ ಮುದುಕ ಬಂದ, ಹೊಡದೆ, ಆಟ ಮುಗೀತು. ಡಬ್ಬಿ ಮಾರಿಬಿಟ್ಟೇನಿ' ಅಂದ ಅನೀಲ.

ಅವತ್ತು ಅವಳು ಉಂಡಿ ತಿನ್ನಲಿಲ್ಲ, ಜೋಕಾಲಿ ಹತ್ತಲಿಲ್ಲ. ಹೊಸ ಮದುವಣಗಿತ್ತಿ, ಗಂಡನ ನೆನಪಾಗಿದೆ ಅಂತ ಮಂದಿ ಚೇಷ್ಟೆ ಮಾಡಿದರು. ಏನಂತ ಹೇಳುತ್ತಾಳೆ? ಒಳಗೇ ಕುದ್ದಳು.

ವರ್ಷ ಕಳೆದವು. ಮಟಕಿ ಊರಿನ ಅತ್ತೆಮನೆ ಬಿಟ್ಟು ಆಳಂದಕ್ಕೆ ಬಂದರು, ಮಗಳು ಸೃಷ್ಟಿ ದೊಡ್ಡವಳಾದಳು, ರೊಟ್ಟಿಯ ಧಂದೆ ಕೈಹಿಡಿಯಿತು. ಹೋದ ದೀಪಾವಳಿಗೆ ಟಿವಿ ಕೆಟ್ಟು ರಿಪೇರಿಯ ಹುಸೇನಪೀರನ ಅಂಗಡಿಗೆ ಹೋದಾಗ ಅಲ್ಲಿನ ಪರದೆಯ ಮೇಲೆ ನೀಲವ್ವ ನಿಂತಿದ್ದಳು! ಅದೇ ಅಗಸಿ, ಅದೇ ಕೆಂಪು ಶಾಲು. ಹಳೆಯ ಆಟಕ್ಕೆ ಹೊಸ ಬಣ್ಣ ಬಳಿದು ಮತ್ತೆ ಬಿಟ್ಟಿದ್ದರಂತೆ. ಶಿವಕಾಂತಾ ಟಿವಿಯ ಮಾತು ಬಿಟ್ಟಳು. 'ಇದರ ಡಬ್ಬಿ ನನಗ ಬೇಕ್ರಿ' ಅಂದಳು. 'ಮಗಳಿಗೇನ್ರಿ ಅಕ್ಕೋರೇ?' ಅಂದ ಹುಸೇನಪೀರ. 'ಯಾಕ, ನನಗ ಕೈ ಇಲ್ಲೇನು?' ಎಂದು ಅವನ ಮೇಲೂ ಹರಿಹಾಯ್ದಳು. ಸೆಕೆಂಡ್ ಹ್ಯಾಂಡ್ ಡಬ್ಬಿ ಮನೆಗೆ ಬಂತು.

ಮೊದಮೊದಲು ಬೆರಳು ಮಾತೇ ಕೇಳಲಿಲ್ಲ. ನೀಲವ್ವ ಗೋಡೆಗೆ ಹಾಯುತ್ತಿದ್ದಳು, ಹೊಳೆಗೆ ಬೀಳುತ್ತಿದ್ದಳು. ಶಿವಕಾಂತಾ ಅವಳಿಗೂ ಬೈದಳು, ತನಗೂ ಬೈದುಕೊಂಡಳು, ಬಿಡಲಿಲ್ಲ. ಹುಡುಗಿಯಾಗಿದ್ದಾಗ ಈ ಕಾವಲುಗಾರ ಕೈಗೆ ಸಿಕ್ಕರೆ ಕತ್ತರಿಸಬೇಕು ಅನ್ನಿಸುತ್ತಿತ್ತು. ಈಗ ಹಾಗೆ ಅನ್ನಿಸಲಿಲ್ಲ. ಬಾಗಿಲು ಮುಚ್ಚಿದವನು ಆ ರಾತ್ರಿ ಏನು ನೋಡಿದ, ಯಾರಿಗೆ ಅಂಜಿದ, ಹೊರಗಿನ ಬಡಿತ ಕೇಳುತ್ತ ಹೇಗೆ ನಿಂತ, ಅದನ್ನು ಅವನ ಬಾಯಿಂದಲೇ ಕೇಳಬೇಕಿತ್ತು. ಅವ್ವನನ್ನು ಕೇಳಲಾರದ್ದನ್ನು ಈ ಮುದುಕನನ್ನಾದರೂ ಕೇಳಬೇಕು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಹುಚ್ಚಿ ಅಂದಾರು.

ಪಂಚಮಿ ಬಂತು. ಹಬ್ಬದ ಮುಂಚೆ ತಮ್ಮ ಅಕ್ಕನನ್ನು ಕರೆಯಲು ಬರಬೇಕು, ಅಕ್ಕ ಹೋಗಬೇಕು. ಕರೆಯಲು ಬಂದವನನ್ನು ಒಬ್ಬನನ್ನೇ ತಿರುಗಿ ಕಳಿಸಬಾರದು. ಇದು ನಮ್ಮ ಕಡೆಯ ಕಾಯಂ ರಿವಾಜು. ಅನೀಲಕುಮಾರ ಎಂದಿನಂತೆ ಹೊಸ ಸೀರೆ, ಅವ್ವ ಕೊಟ್ಟ ಶೇಂಗಾದುಂಡಿ ಡಬ್ಬಿ ಹಿಡಿದು ಕಾರಿನಲ್ಲಿ ಬಂದ. ಈಗ ಅವನು ಊರಲ್ಲಿ ದೊಡ್ಡ ಮನುಷ್ಯ, ಹೊಟ್ಟೆಯೂ ದೊಡ್ಡದು. ಬಂದು ನೋಡಿದರೆ ಅಕ್ಕ ಟಿವಿ ಎದುರು.

'ಅಯ್ಯ, ಇದೇನ್ ಅಕ್ಕಾ! ಸಣ್ಣ ಹುಡುಗೂರಂಗ!' ಎಂದು ಹೊಟ್ಟೆ ಕುಣಿಸಿ ನಕ್ಕ. 'ಏಳ ಏಳ, ಜಲ್ದಿ ಹೊಂಡು. ಮ್ಯಾಲ ಮೋಡ ಆಗ್ಯಾದ. ಮಳಿ ಹೊಡೀತಂದ್ರ ಹಳ್ಳ ಬರ್ತದ, ಗಾಡಿ ದಾಟಂಗಿಲ್ಲ.'

'ಒಂದೀಟು ತಡಿ. ಇದೊಂದು ಮುಗಿಸಿ ಬರ್ತೇನಿ. ಕಡೀಕ ಬಂದೇನಿ' ಅಂದಳು ಶಿವಕಾಂತಾ. ಅವಳ ದನಿ ಮೆತ್ತಗಿತ್ತು. ಅವನಿಗೆ ಅದು ಗೊತ್ತಾಗಬೇಕಲ್ಲ!

ನೀಲವ್ವ ಒಂದು ಬೆಟ್ಟದ ಗವಿಯ ಮುಂದೆ ನಿಂತಿದ್ದಳು. ಗವಿ ಕಾಯುವ ಬಂಟರು ಒಬ್ಬರ ಹಿಂದೊಬ್ಬರು ಮೈಮೇಲೆ ಬಂದರು. ಅನೀಲ ಉಂಡಿ ತಿನ್ನುತ್ತ 'ಕೊಡಿಲ್ಲಿ, ನಿನಗ ಆಗಂಗಿಲ್ಲ' ಅಂದ. ಅವಳು ಕೊಡಲಿಲ್ಲ. ಸೋತಳು, ಮತ್ತೆ ಸೋತಳು, ಹಲ್ಲು ಕಚ್ಚಿ ಹಿಡಿದು ಕಡೆಗೆ ಗೆದ್ದಳು. ಗವಿಯೊಳಗೆ ಮುದುಕ ಕೂತಿದ್ದ. ಕಣ್ಣು ಹೋಗಿದ್ದವು. ನೀಲವ್ವನ ಹೆಜ್ಜೆಯ ಸಪ್ಪಳಕ್ಕೆ ತಲೆ ಎತ್ತಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮೂರು ಮಾತು ಮೂಡಿದವು: ಕತ್ತಿ ಎತ್ತು, ಬಿಟ್ಟು ನಡೆ, ಅವನ ಮಾತು ಕೇಳು. ಶಿವಕಾಂತಾ ಮೂರನ್ನೂ ಓದಿದಳು. ಇಷ್ಟು ವರ್ಷದ ಮೇಲೆ ಬಂದ ಗಳಿಗೆ, ಒಂದು ಸಲ ಉಸಿರು ಬಿಟ್ಟು ಒತ್ತೋಣ ಅಂದುಕೊಂಡಳು.

ಅಷ್ಟರಲ್ಲಿ ಹೊರಗಿನಿಂದ ಪ್ಯಾರಿಬಿಯ ದನಿ. 'ಶಿವಕಾಂತಾ, ನನ್ನ ರೊಟ್ಟಿ ಕಟ್ಟಿ ಇಟ್ಟೀದಿ ಏನ್ ಬೇ? ಆಟೋ ನಿಂತಾದ!'

ಹಬ್ಬದ ಗಿರಾಕಿ, ಬಿಡುವಂತಿಲ್ಲ. ಶಿವಕಾಂತಾ ರಿಮೋಟನ್ನು ಚಾಪೆಯ ಮೇಲಿಟ್ಟಳು. 'ಮುಟ್ಟಬ್ಯಾಡ ಅನೀಲಾ. ನಾ ಬರೂತನ ಮುಟ್ಟಬ್ಯಾಡ.' ಎರಡು ಸಲ ಹೇಳಿ ಹೋದಳು.

ರೊಟ್ಟಿಯ ಗಂಟನ್ನು ಪ್ಯಾರಿಬಿಯ ಕೈಗೆ ಕೊಡುತ್ತಿರುವಾಗಲೇ ಒಳಗಿನಿಂದ ಒರೆಯಿಂದ ಕತ್ತಿ ಹಿರಿದ ಸದ್ದು ಬಂತು. ಶಿವಕಾಂತಾ ಓಡಿದಳು. ಮುದುಕ ನೆಲಕ್ಕೊರಗಿದ್ದ. ಪರದೆ ಕಪ್ಪಾಗಿ, ಆಟ ಮಾಡಿದವರ ಹೆಸರುಗಳು ಸಾಲಾಗಿ ಮೇಲೇರುತ್ತಿದ್ದವು.

'ಮುಗಿಸಿದೆ ನೋಡು' ಅಂದ ಅನೀಲ, ಕೈಯ ಉಂಡಿಪುಡಿ ಝಾಡಿಸುತ್ತ. 'ನೀ ಕುಂತಿದ್ರ ಸಂಜಿ ಆಗ್ತಿತ್ತು. ಹೊಂಡು ಇನ್ನ.'

ಅಂಗಾಲಿನ ಸಿಟ್ಟು ನೆತ್ತಿಗೇರಿತು. ರಿಮೋಟ್ ಕಸಿದುಕೊಂಡು ಒತ್ತಿದಳು, ಒತ್ತಿದಳು. ಆ ಆಟ ನಡೆದದ್ದನ್ನು ತಾನೇ ಬರೆದಿಟ್ಟುಕೊಳ್ಳುವಂಥದ್ದು, ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಬೇಕಾದರೆ ಬುಡದಿಂದ ಸುರು ಮಾಡಬೇಕು. ದೀಪಾವಳಿಯಿಂದ ಇಲ್ಲಿಯತನಕದ ಮಧ್ಯಾಹ್ನಗಳೆಲ್ಲ ಮಣ್ಣುಪಾಲು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

'ಮುಟ್ಟಬ್ಯಾಡ ಅಂದಿದ್ದೆನೋ ಇಲ್ಲೋ?' ಓಣಿಗೆಲ್ಲ ಕೇಳುವ ಹಾಗೆ ಒದರಿದಳು. 'ಕಿವಿ ಇಲ್ಲೇನಲೇ ನಿನಗ? ಮೂರು ಮಾತು ಮೂಡಿದ್ವು. ಒಂದನ್ನರ ಓದಿದಿ? ಓದಾಕ ಇವತ್ತೂ ನಾನೇ ಬೇಕೇನು?'

'ಅಕ್ಕಾ, ನಿನ್ನ ಸಲುವಾಗೇ ಜಲ್ದಿ ಮಾಡಿದೆನಲ್ಲ! ಅಲ್ಲಿ ಅವ್ವ ದಾರಿ ಕಾಯಾಕತ್ತಾಳ. ಒಂದು ಆಟಕ್ಕ ಇಷ್ಟ್ಯಾಕ ಗುಸ್ಸಾ? ಮುಂದಿಂದು ಮೊಬೈಲಿನಾಗ ಯಾರರೆ ವಿಡಿಯೋ ಹಾಕಿರ್ತಾರ, ನೋಡಿದ್ರಾತು.'

'ಮಂದಿ ಕೇಳಿದ್ದು ನಾ ಯಾಕ ನೋಡ್ಲಿ? ನಾ ಕೇಳಬೇಕಿತ್ತು! ನಾ! ನನ್ನ ಬೆರಳಿಲೆ ಒತ್ತಿ, ನಾ ಕೇಳಬೇಕಿತ್ತು!' ಕಣ್ಣಲ್ಲಿ ನೀರು ಬಂತು, ಅದಕ್ಕೂ ಸಿಟ್ಟು ಬಂತು. ಸೆರಗಿನಿಂದ ಒರೆಸಿಕೊಂಡು ಸೀರೆಯ ಪೊಟ್ಟಣ, ಉಂಡಿಯ ಡಬ್ಬಿ ಎರಡನ್ನೂ ಎತ್ತಿ ಅವನ ಎದೆಗೆ ಒತ್ತಿದಳು. 'ಹೋಗು. ನಾ ಬರಂಗಿಲ್ಲ.'

ಅನೀಲನ ನಗೆ ಅಲ್ಲಿಗೆ ನಿಂತಿತು. ಅಪ್ಪ ಸತ್ತ ವರ್ಷ ಬಿಟ್ಟರೆ ಅವಳು ಪಂಚಮಿಗೆ ಹೋಗದ ವರ್ಷವೇ ಇಲ್ಲ.

'ಹಂಗಂದ್ರ ಹ್ಯಾಂಗ ಅಕ್ಕಾ? ಕರೆಯಾಕ ಬಂದಾಂವ ಖಾಲಿ ಹೋದ್ರ ಊರಾಗ ನನ್ನ ಮಾರಿ ಏನ್ ಉಳೀತದ? ಮಂದಿ ಕೇಳಿದ್ರ ಏನಂತ ಹೇಳ್ಲಿ?'

'ಗೇಮ್ ಆಡೂಮುಂದ ಜಗಳ ಆತು ಅಂತ ಹೇಳು.'

'ಅವ್ವಗ?'

ಶಿವಕಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. 'ಅವ್ವಗೂ ಅದನ್ನ ಹೇಳು. ಹೇಳಿದ್ದನ್ನ ಕೇಳಿ ಆಕಿ ಸುಮ್ನ ಕುಂದರ್ತಾಳ. ಆಕಿಗಿ ಅದು ಬರ್ತದ.'

ಅನೀಲ ಹೊಸ್ತಿಲಾಚೆ ಚಪ್ಪಲಿ ಮೆಟ್ಟಿ ನಿಂತ. ಹನಿ ಸುರುವಾಗಿತ್ತು, ಆದರೂ ಕಾರಿನ ಕಡೆ ಹೋಗಲಿಲ್ಲ. ಡಬ್ಬಿಯನ್ನು ಆ ಕೈಯಿಂದ ಈ ಕೈಗೆ ಬದಲಿಸಿದ. ಅಕ್ಕನ ಮುಖ ನೋಡಿದ, ಒಳಗಿನ ಕಪ್ಪು ಪರದೆ ನೋಡಿದ. ಕಡೆಗೆ, ಹಿಂದೆ ಅಕ್ಕ ಓದಿ ಹೇಳುವಾಗ 'ಮುಂದ ಏನಾತು?' ಅನ್ನುತ್ತಿದ್ದನಲ್ಲ, ಅದೇ ಸಣ್ಣ ದನಿಯಲ್ಲಿ ಕೇಳಿದ.

'ಅಕ್ಕಾ, ಅಂವ ಏನಂತಿದ್ದ, ಆ ಮುದುಕ?'

'ನನಗೇನ್ ಗೊತ್ತು?' ಅಂದಳು ಶಿವಕಾಂತಾ. 'ಬಾಯಿ ತಗಿಯೂದ್ರಾಗ ನೀ ಕೊಂದಿ.'

ಬಾಗಿಲು ಹಾಕಿ ಅಗಳಿ ಜಡಿದಳು.