ಕೆಂಪು ಟೇಪು ಅಂಟಿಸದ ದಿನ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ, ಬೀದಿಯ ಧೂಳೂ ಎದ್ದಿಲ್ಲ. ಕಂಪ್ಯೂಟರ್ ಅಂಗಡಿಯ ಶಟರು ಮೊಣಕಾಲೆತ್ತರಕ್ಕೆ ಮಾತ್ರ ಮೇಲೆದ್ದಿದೆ. ಅದರಡಿ ನುಸುಳಿ, ಕೌಂಟರು ದಾಟಿ, ಹಲಗೆಗೋಡೆಯ ಹಿಂದೆ ಹೋದರೆ ಮಂಚ ಹಿಡಿಸುವಷ್ಟೇ ಅಗಲದ ಕೋಣೆ. ಅಲ್ಲಿ ಖಾಲಿ ಕ್ಯಾಬಿನೆಟ್ಟೊಂದನ್ನು ಮಗ್ಗುಲಿಗೆ ಮಲಗಿಸಿಕೊಂಡು ಒಳಗಿನಕ್ಕ ಕೂತಿದ್ದಾರೆ. ಜಡೆ ಹಾಕುವವರು ಹೇರ್‌ಪಿನ್ನು ಕಚ್ಚಿಕೊಂಡ ಹಾಗೆ ತುಟಿಯ ಮೂಲೆಯಲ್ಲಿ ನಾಲ್ಕು ಸ್ಕ್ರೂ. ಬಿಸ್ಕತ್ತಿನಷ್ಟು ಪುಟ್ಟ ಪ್ರೊಸೆಸರನ್ನು ಎರಡು ಬೆರಳಲ್ಲಿ ಹಿಡಿದು, ಉಸಿರು ಬಿಗಿಹಿಡಿದು, ಮದರ್‌ಬೋರ್ಡಿನ ಮೇಲೆ ಇಳಿಸುತ್ತಾರೆ. ಸ್ಕ್ರೂಗಳು ತುಟಿಯಿಂದ ಹೊರಬಂದ ಮೇಲೆಯೇ, ನೋಟ್‌ಬುಕ್ಕು ಹಿಡಿದು ಕೂತ ನನ್ನೊಡನೆ ಮಾತು.

“ಒತ್ತಬಾರದು, ಇಡಬೇಕು ಅಷ್ಟೆ. ಜಾಗ ಸರಿ ಇದ್ರೆ ಅದೇ ಕೂತ್ಕೊಳ್ಳುತ್ತೆ. ಸೊಸೇನ ಹೊಂದ್ಕೋ ಹೊಂದ್ಕೋ ಅಂತ ಅದುಮಿದ ಹಾಗೆ ಇದನ್ನ ಅದುಮೋಕಾಗಲ್ಲ. ಅದರಡಿ ಇರೋ ಸೂಜಿಯಂಥ ಪಿನ್ನು ಒಂದು ಬಾಗಿದ್ರೆ ಮುಗೀತು.”

ಇಷ್ಟು ಬೇಗ ಬರುವುದು ಧೂಳಿಗೆ ಹೆದರಿ. ಅಂಗಡಿ ತೆರೆಯುವ ಹೊತ್ತಿಗೆ ಒಂದು ಕಂಪ್ಯೂಟರು ಎದ್ದು ನಿಂತಿರಬೇಕು, ಸಂಜೆಯೊಳಗೆ ಇನ್ನೊಂದು. ಒಂದಕ್ಕೆ ಎರಡು ಗಂಟೆ, ಮೂವತ್ತರ ಹತ್ತಿರ ಸ್ಕ್ರೂ. ಹನ್ನೊಂದು ವರ್ಷದಲ್ಲಿ ಆರು ಸಾವಿರ ದಾಟಿದೆ. ಈ ಊರಿನ ಎಷ್ಟೋ ಮನೆಯ ಹಜಾರದಲ್ಲಿ ಅವರ ಕೈಕೆಲಸ ಗುಂಯ್‌ಗುಡುತ್ತಿದೆ. ಆದರೆ ಅಂಗಡಿಯ ಮುಖ ಕೌಂಟರಿನಲ್ಲಿ ನಿಲ್ಲುವ ತಂಗಿಯದು. ಒಳಗೊಬ್ಬರು ಇದ್ದಾರೆಂದು ತಿಳಿದಿರುವುದು ಟೀ ತರುವಾತನಿಗೆ, ಕೊರಿಯರಿನವನಿಗೆ. ‘ಒಳಗಿನಕ್ಕ’ ಅನ್ನುವ ಹೆಸರೂ ಅವರು ಇಟ್ಟದ್ದೇ.

ಅಂಗಡಿ ಮೊದಲು ಅಮ್ಮನ ಟೈಪಿಂಗ್ ಕ್ಲಾಸಾಗಿತ್ತು. ಅಮ್ಮ ಹಾಸಿಗೆ ಹಿಡಿದಾಗ ಮನೆಯಲ್ಲಿ ಯಾರಾದರೊಬ್ಬರು ಇರಬೇಕಾಯಿತು. ಒಂಬತ್ತನೇ ಕ್ಲಾಸಿಗೆ ಅಕ್ಕ ಪುಸ್ತಕ ಮಡಿಸಿಟ್ಟರು, ತಂಗಿ ಓದು ಮುಂದುವರಿಸಿದರು. ಕ್ಲಾಸಿಗೆಂದು ತಂದ ಮೊದಲ ಕಂಪ್ಯೂಟರು ಕೆಟ್ಟಾಗ ರಿಪೇರಿಯವ ಮೂರು ದಿನ ಬಂದ. ಮೂರೂ ದಿನ ಟಾರ್ಚು ಹಿಡಿದು ನಿಂತವರು ಅಕ್ಕ. “ನಾಲ್ಕನೇ ದಿನ ಅವನು ಬರಲಿಲ್ಲ. ಬಂದಿದ್ರೂ ಕೆಲಸ ಇರ್ಲಿಲ್ಲ, ಮುಗಿಸಿಬಿಟ್ಟಿದ್ದೆ.”

ಒಳಕೋಣೆಗೂ ಕೌಂಟರಿಗೂ ನಡುವೆ ಒಂದು ಕಿಂಡಿ. ಗಿರಾಕಿ ಏನು ಕೇಳಿದರೂ ಒಳಗೆ ಕೇಳಿಸುತ್ತದೆ. ಅಕ್ಕ ಚೀಟಿ ಬರೆದು ತೂರಿಸುತ್ತಾರೆ, ತಂಗಿ ಓದಿಕೊಂಡು ತನ್ನ ಮಾತೆಂಬಂತೆ ಹೇಳುತ್ತಾರೆ. ತಂಗಿಯ ಮಾತು ಬಾಳೆಹಣ್ಣು ಸುಲಿದ ಹಾಗೆ. ಅಕ್ಕನಿಗೆ ಅಪರಿಚಿತರೆದುರು ನಾಲಿಗೆಯೇ ಏಳುವುದಿಲ್ಲ. ಹಾಗಾಗಿ ಈ ಏರ್ಪಾಡು. ಏರ್ಪಾಡೇನೋ ಸರಿ, ಹೊಟ್ಟೆಯೊಳಗಿನದು ಬೇರೆ.

“ಮೊನ್ನೆ ಒಬ್ರು ಬಂದು ಇವಳಿಗೆ ‘ನಿಮ್ಮ ಕೈಗುಣ ಚಿನ್ನದಂಥದ್ದಮ್ಮ, ಮೂರು ವರ್ಷ ಆಯ್ತು, ಒಂದ್ಸಲ ಕೆಮ್ಮಿಲ್ಲ ಕಂಪ್ಯೂಟರು’ ಅಂದ್ರು. ಕೈಗುಣ ಅಂತೆ! ಸ್ಕ್ರೂಡ್ರೈವರಿನ ಮೊನೆ ಯಾವುದು, ಹಿಡಿ ಯಾವುದು ಅಂತ ಗೊತ್ತಿಲ್ಲ ಆ ಕೈಗೆ. ಹೊಟ್ಟೆಕಿಚ್ಚಿಗೂ ಒಂದು ಫ್ಯಾನು ಬರೋ ಹಾಗಿದ್ರೆ ನಾನು ಎರಡು ಹಾಕಿಸ್ಕೊಳ್ತಿದ್ದೆ.”

ನಗುತ್ತಾರೆ. ನಗು ಕಣ್ಣಿನವರೆಗೆ ಹೋಗುವುದಿಲ್ಲ.

ಆ ಕಿಚ್ಚು ಒಮ್ಮೆ ಹೊರಬಿತ್ತು. ಬಟ್ಟೆ ಹೊಲಿಯುವ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಮಗಳ ಕಾಲೇಜು ಕೆಲಸಕ್ಕೆ, ತಾಯಿಯ ಡಿಸೈನು ನೋಡಲಿಕ್ಕೆ, ಇಬ್ಬರಿಗೂ ಸೇರಿ ಒಂದೇ ಕಂಪ್ಯೂಟರು. ಮಗಳಿಗೆ ಅದರಲ್ಲಿ ಕಾರು ಓಡಿಸುವ ಗೇಮೂ ಆಡಬೇಕು. ತಾಯಿ ಮೊದಲೇ ಹೇಳಿದರು: “ನೋಡಮ್ಮಾ, ಕೊಳ್ಳೋದು ಒಂದೇ ಸಲ. ತಪ್ಪಿದ್ರೆ ಮತ್ತೆ ತಗೊಳ್ಳೋ ಶಕ್ತಿ ನನಗಿಲ್ಲ.”

ತಂಗಿ ಗಾಜಿನ ಬಾಗಿಲಿನ, ಏಳು ಬಣ್ಣದ ದೀಪ ತಿರುಗುವ ಕ್ಯಾಬಿನೆಟ್ಟು ತೋರಿಸಿದರು. ಹುಡುಗಿಯ ಕಣ್ಣು ಅಲ್ಲೇ ನೆಟ್ಟಿತು. ಒಳಗಿಂದ ಚೀಟಿ ಬಂತು: ‘ದೀಪ ಬೇಡ, ಗಾಜು ಬೇಡ, ಸಾದಾ ತಗಡಿನ ಪೆಟ್ಟಿಗೆ ಕೊಡು. ಉಳಿದದ್ದೆಲ್ಲ ಗ್ರಾಫಿಕ್ಸ್ ಕಾರ್ಡಿಗೆ ಹಾಕು. ಓಡೋದು ಕಾರ್ಡು, ದೀಪ ಅಲ್ಲ. ಪವರ್ ಸಪ್ಲೈನಲ್ಲಿ ಮಾತ್ರ ಜಿಪುಣತನ ಮಾಡಬೇಡ. ರ‍್ಯಾಮಿಗೆ ಒಂದು ಜಾಗ ಖಾಲಿ ಬಿಡು, ಮುಂದೆ ಸೇರಿಸಬಹುದು.’

ತಂಗಿ ಅದನ್ನು ಸಕ್ಕರೆ ಬೆರೆಸಿ ಹೇಳಿದರು. ತಾಯಿಯ ಮುಖ ಅರಳಿತು. “ಲಾಭ ಬಿಟ್ಟು ಮಾತಾಡ್ತೀಯಲ್ಲಮ್ಮ, ನೀನು ನನ್ನ ಒಡಹುಟ್ಟಿದವಳ ಹಾಗೆ.”

“ಅವಳ ಒಡಹುಟ್ಟಿದವಳು ನಾನು ಇಲ್ಲಿ ಒಳಗೆ ಬೆವರು ಸುರಿಸ್ತಾ ಕೂತಿದ್ದೆ,” ಅನ್ನುತ್ತಾರೆ ಅಕ್ಕ.

ಕಂಪ್ಯೂಟರಿನ ಹಿಂಬದಿಯಲ್ಲಿ ಮಾನಿಟರಿನ ವೈರು ಹೋಗುವ ತೂತು ಎರಡು ಕಡೆ ಇರುತ್ತದೆ. ಮೇಲಿನದು ಮದರ್‌ಬೋರ್ಡಿನದು, ಕೆಳಗಿನದು ಗ್ರಾಫಿಕ್ಸ್ ಕಾರ್ಡಿನದು. ಮೇಲಿನದಕ್ಕೆ ಸಿಕ್ಕಿಸಿದರೂ ಚಿತ್ರ ಮೂಡುತ್ತದೆ, ಆದರೆ ಕಾಸು ಸುರಿದು ತಂದ ಕಾರ್ಡು ಕೆಲಸವಿಲ್ಲದೆ ಕೂತಿರುತ್ತದೆ. ಹತ್ತರಲ್ಲಿ ಆರು ಮನೆಯವರು ಮೇಲಿನದಕ್ಕೇ ಸಿಕ್ಕಿಸುತ್ತಾರೆ. ಅದಕ್ಕೇ ಅಕ್ಕ ಪ್ರತಿ ಪೆಟ್ಟಿಗೆಯ ಮೇಲಿನ ತೂತಿಗೆ ಕೆಂಪು ಟೇಪು ಅಂಟಿಸಿ ಕಳಿಸುವುದು. ಬೇರೆ ಯಾವ ಅಂಗಡಿಯಲ್ಲೂ ಅವರು ಇದನ್ನು ನೋಡಿಲ್ಲ.

ಆ ದಿನ ಅಂಟಿಸಲಿಲ್ಲ.

“ಮರೆತೆ ಅಂತ ಹೇಳಬಹುದು, ಯಾರೂ ಕೇಳಲ್ಲ. ಆದ್ರೆ ಟೇಪು ಕೈಯಲ್ಲೇ ಇತ್ತು. ಆ ತಾಯಿಗೆ ಒಡಹುಟ್ಟಿದವಳಾದಳಲ್ಲ, ಅವಳೇ ಬಂದು ಅಂಟಿಸಲಿ ಅನ್ನಿಸ್ತು.”

ಮೂರನೆಯ ದಿನ ತಾಯಿ ಒಬ್ಬರೇ ಬಂದರು. ಅಂಗಡಿ ತುಂಬ ಜನ. “ಕಾರು ಓಡಲ್ಲ, ಕುಂಟುತ್ತೆ! ಎರಡು ದಿನದಿಂದ ಮಗಳು ಮುಖ ತಿರುಗಿಸ್ಕೊಂಡು ಕೂತಿದಾಳೆ. ನಿನ್ನ ಬಾಯಿಮಾತಿಗೆ ಮರುಳಾಗಿ ದುಡ್ಡು ಸುರಿದೆ. ವಾಪಸ್ ತಗೋ!” ತಂಗಿ ತಡವರಿಸಿದರು, ಕಿಂಡಿಯ ಕಡೆ ನೋಡಿದರು. ಚೀಟಿ ಬರಲಿಲ್ಲ.

“ಸುಳ್ಳು ಯಾಕೆ ಹೇಳ್ಲಿ, ಒಂದು ಗಳಿಗೆ ಬೆಲ್ಲ ತಿಂದ ಹಾಗಾಯ್ತು,” ಅನ್ನುತ್ತಾರೆ ಅಕ್ಕ. “ಈಗ ಮಾತಾಡು ನೋಡೋಣ ಅಂತ ಕೈಕಟ್ಟಿ ಕೂತೆ.”

ಆಗ ತಾಯಿ ಕೇಳಿದರು: “ಅದನ್ನ ಜೋಡಿಸಿದ್ದು ಯಾರು? ಕಣ್ಣಿತ್ತಾ ಅವರಿಗೆ?”

“ನಾನೇ,” ಅಂದರು ತಂಗಿ.

ಅಷ್ಟೇ. ಅಕ್ಕ ಸ್ಟೂಲಿನಿಂದ ಎದ್ದರು. ತಂಗಿ ತನ್ನನ್ನು ಕಾಪಾಡುತ್ತಿದ್ದಾಳೆ ಎಂದು ಆ ಕ್ಷಣ ಹೊಳೆಯಲೇ ಇಲ್ಲವಂತೆ. “ಹೊಗಳಿಕೆ ಹೋಗ್ಲಿ, ಬೈಗುಳನೂ ಅವಳೇ ಇಟ್ಕೊಳ್ತಾಳಲ್ಲ! ಬೈಸ್ಕೊಳ್ಳೋಕಾದ್ರೂ ನನ್ನ ಪಾಲು ಬೇಡ್ವಾ?” ಹನ್ನೊಂದು ವರ್ಷದಲ್ಲಿ ಮೊದಲ ಸಲ ಗಿರಾಕಿಗಳಿರುವಾಗ ಹಲಗೆಯ ಬಾಗಿಲು ತೆರೆಯಿತು. “ಜೋಡಿಸಿದ್ದು ನಾನು,” ಅಂದರು. ಕಣ್ಣು ಕೌಂಟರಿನ ಮೇಲೇ ಇತ್ತು. “ಪೆಟ್ಟಿಗೆ ಸರಿ ಇದೆ. ತಪ್ಪು ನನ್ನದು. ಮನೆಗೆ ಬಂದು ತೋರಿಸ್ತೀನಿ.”

ತಂಗಿಯ ಸ್ಕೂಟರಿನ ಹಿಂದೆ ಕೂತು ಹೋದರು. ಒಂದೇ ಕೋಣೆಯ ಮನೆ. ಹೊಲಿಗೆ ಯಂತ್ರದ ಪಕ್ಕ, ಕತ್ತರಿಸಿದ ತುಂಡುಬಟ್ಟೆಯ ರಾಶಿಯ ನಡುವೆ ಕಂಪ್ಯೂಟರು. ವೈರು ಮೇಲಿನ ತೂತಿನಲ್ಲೇ ಇತ್ತು. ಕಿತ್ತು ಕೆಳಗೆ ಸಿಕ್ಕಿಸಿದರು. ಕಾರು ಬಾಣದ ಹಾಗೆ ಹೋಯಿತು. ಮಗಳು “ಅಮ್ಮಾ!” ಎಂದು ಕಿರುಚಿ, ಮೊದಲ ತಿರುವಿನಲ್ಲೇ ಗೋಡೆಗೆ ಗುದ್ದಿದಳು.

ಟೇಪಿನ ಕಥೆಯನ್ನು ಅಕ್ಕ ಮುಚ್ಚಿಡಲಿಲ್ಲ. ಕೇಳಿಸಿಕೊಂಡ ತಾಯಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ನಾನು ಹೊಲಿದ ಬಟ್ಟೆಗೂ ಬೇರೆಯವರ ಹೆಸರೇ ಇರುತ್ತೆ. ಸಿಟ್ಟಿದ್ರೆ ಮನುಷ್ಯರ ಮೇಲೆ ತೋರಿಸಿ, ಹೊಲಿಗೆ ಮೇಲೆ ತೋರಿಸಬೇಡಿ,” ಅಂದರು.

ವಾಪಸು ಬರುವಾಗ ತಂಗಿ ಸ್ಕೂಟರು ನಿಧಾನ ಮಾಡಿ ಕೇಳಿದರು: “ಅಕ್ಕಾ, ನನ್ನ ಕಂಡ್ರೆ ಹೊಟ್ಟೆಕಿಚ್ಚಾ ನಿನಗೆ?”

“ಹೂಂ.”

“ನನಗೂ ನಿನ್ನ ಕಂಡ್ರೆ. ನಿನ್ನ ಚೀಟಿ ಬರಲಿಲ್ಲ ಅಂದ್ರೆ ನಾನು ಅಲ್ಲಿ ನಿಂತ ಬೊಂಬೆ. ಇವತ್ತು ಗೊತ್ತಾಯ್ತಲ್ಲ.”

ಬೊಂಬೆಗೂ ಹೊಟ್ಟೆ ಉರಿಯುತ್ತದೆಂದು ಅಕ್ಕನಿಗೆ ಅದುವರೆಗೆ ಗೊತ್ತಿರಲಿಲ್ಲ.

ಆಮೇಲೆ ಒಂದು ದಿನ ಅಕ್ಕನನ್ನೇ ಕೌಂಟರಿನಲ್ಲಿ ನಿಲ್ಲಿಸಿ ನೋಡಿದ್ದಾಯಿತು. ಬಂದ ಮೂವರಲ್ಲಿ ಇಬ್ಬರಿಗೆ “ಹೊಸದು ಯಾಕೆ? ಇರೋದರ ಧೂಳು ತೆಗೆಸಿ ಸಾಕು” ಎಂದು ಕಳಿಸಿದರು. ಮೂರನೆಯವರು ಇವರ ಮುಖ ನೋಡಿ ತಾವೇ ಹೋದರು. ಮಧ್ಯಾಹ್ನದೊಳಗೆ ತಂಗಿ ಕೈಮುಗಿದು ಒಳಗೆ ಕಳಿಸಿದರು.

ಈಗಲೂ ಹೊಗಳಿಕೆ ಹೊರಗೇ ಬೀಳುತ್ತದೆ, ಉರಿ ಒಳಗೇ ಇದೆ. ಆಸೆ ಏನೆಂದು ಕೇಳಿದರೆ ಅಕ್ಕ ಅದನ್ನು ಬಿಟ್ಟು, ಹೋದ ವಾರದ ಸಂಗತಿ ಹೇಳುತ್ತಾರೆ. ಹೊಲಿಗೆಯ ತಾಯಿಯ ಮಗಳು ರ‍್ಯಾಮ್ ಹೆಚ್ಚಿಸಲು ಪೆಟ್ಟಿಗೆ ಹೊತ್ತು ತಂದಿದ್ದಳು. ತಂಗಿ ನಗುತ್ತಾ ಕೈ ಚಾಚಿದರೆ ಹುಡುಗಿ ಪೆಟ್ಟಿಗೆಯನ್ನು ಎದೆಗೆ ಅವುಚಿಕೊಂಡಳು. “ಒಳಗಿನವರ ಕೈಗೇ ಕೊಡಬೇಕು ಅಂದಿದಾರೆ ಅಮ್ಮ.”

“ತಂಗಿ ಮುಖ ಸಣ್ಣದಾಗೋಯ್ತು,” ಅನ್ನುತ್ತಾರೆ ಅಕ್ಕ, ಸ್ಕ್ರೂಗಳನ್ನು ಮತ್ತೆ ತುಟಿಗೆ ಒಯ್ಯುವ ಮೊದಲು. “ಪಾಪ ಅನ್ನಿಸ್ತು. ಖುಷಿನೂ ಆಯ್ತು. ಎರಡನ್ನೂ ಬರ್ಕೊಳ್ಳಿ.”