ಕಾಕಾನಿಗೆ ಅಂಟಿಸಿದ ಗಡ್ಡ

ಕಳೆದ ವಾರ ನಮ್ಮ ಕಾಲೇಜಿನ ನಾಟಕ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬ ತಾನು ಅಂಟಿಸಿಕೊಂಡಿದ್ದ ಮೀಸೆಯನ್ನು ಕಿತ್ತು ನನ್ನ ಮೇಜಿನ ಮೇಲಿಟ್ಟ. ಅದರ ಗೋಂದಿನಿಂದ ಸ್ಪಿರಿಟ್ಟೂ ರಾಳವೂ ಬೆರೆತ ವಾಸನೆ ಎದ್ದಿತು. ಒಂದು ಗಳಿಗೆ ನಾನು ಪಾಠ ಹೇಳುವ ಮೇಷ್ಟರಾಗಿರಲಿಲ್ಲ. ದೂರದ ಬಂಗಾಳದಲ್ಲಿ, ಸಿಯಾಲ್ದಾದ ರೈಲ್ವೆ ಕ್ವಾರ್ಟರ್ಸಿನ ಎರಡನೆಯ ಮಹಡಿಯಲ್ಲಿ ಬಾಗಿಲಿಗೊರಗಿ, ಸಂಜೆ ಮನೆಗೆ ಬರುವ ಹುಸೇನ ಕಾಕಾನಿಗಾಗಿ ಕಾಯುತ್ತಿದ್ದೆ. ಅವನಿಗಿಂತ ಮುಂಚೆ ಮೆಟ್ಟಿಲು ಹತ್ತಿ ಬರುತ್ತಿದ್ದುದು ಈ ವಾಸನೆಯೇ. ನೆನಪು ಹಾಗೆ ಹೇಳುತ್ತದೆ. ಗೋಂದಿನ ವಾಸನೆ ಮನುಷ್ಯನಿಗಿಂತ ಮುಂಚೆ ಮೆಟ್ಟಿಲು ಹತ್ತೀತೇ ಎಂದು ಕೇಳಿದರೂ ಅದು ಮತ್ತೆ ಹಾಗೆಯೇ ಹೇಳುತ್ತದೆ.

ನಮ್ಮದು ಧಾರವಾಡದ ಕಡೆಯ, ಹತ್ತಿ ಹಿಂಜುವವರ ಮನೆತನ. ಮುಸಲ್ಮಾನರು, ಆದರೆ ಮನೆಮಾತು ಕನ್ನಡ. ಉರ್ದು ಯಾರಿಗೂ ಸರಿಯಾಗಿ ಬರುತ್ತಿರಲಿಲ್ಲ. ಅಪ್ಪ ರೈಲ್ವೆ ಗುಮಾಸ್ತ. ಅವನ ತಮ್ಮ ಹುಸೇನ ಕಾಕಾ ಊರಿನ ನಾಟಕಗಳಲ್ಲಿ ರಾಜನ ಪಾತ್ರ ಮಾಡುತ್ತಿದ್ದವನು, ನಟನಾಗಲೆಂದೇ ನಮ್ಮಲ್ಲಿಗೆ ಬಂದು ಉಳಿದಿದ್ದ. ಟಾಲಿಗಂಜಿನ ಸ್ಟುಡಿಯೋದವರು ಅವನ ಹೆಸರು ಕೇಳಿದರು, ನುಣ್ಣಗೆ ಬೋಳಿಸಿದ ಕೆನ್ನೆ ನೋಡಿದರು, ಗಡ್ಡ ತರಿಸಿದರು. ಅಲ್ಲಿಂದ ಮುಂದೆ ಯಾವ ಧಾರಾವಾಹಿಯಾದರೂ ಅವನಿಗೆ ಅದೇ ಗಡ್ಡ, ಕಣ್ಣಿಗೆ ಸುರಮಾ, ಕೊರಳಿಗೆ ತಾಯಿತ. ಕಳ್ಳಸಾಗಣೆಯವನ ಬಲಗೈ, ಇಲ್ಲವೇ ಕಟುಕ. "ಜನಾಬ್" ಎನ್ನುವುದನ್ನು ಅವನಿಗೆ ಕಲಿಸಿದವನು ಸಹಾಯಕ ನಿರ್ದೇಶಕನಾಗಿದ್ದ ಒಬ್ಬ ಬಂಗಾಳಿ ಹಿಂದೂ.

"ವೈನಿ, ನಲವತ್ತಕ್ಕ ಬಂದು ಮುಸಲ್ಮಾನ ಆಗೂದು ಕಲ್ಯಾಕತ್ತೇನಿ ನೋಡ್ರಿ!" ಎಂದು ಕಾಕಾ ಅವ್ವನ ಎದುರು ನಗುತ್ತಿದ್ದ.

"ಮೊದ್ಲ ಆ ಕಣ್ಣಿನ ಕಪ್ಪು ತೊಳಕೊಂಡ ಬಾರೋ. ಹುಡುಗರು ಅಂಜತಾವ" ಎನ್ನುತ್ತಿದ್ದಳು ಅವ್ವ.

ನಾವು ಅಂಜುತ್ತಿರಲಿಲ್ಲ. ಟೀವಿಯಲ್ಲಿ ಅವನು ಪೊಲೀಸರ ಗುಂಡಿಗೆ ಬಿದ್ದು ಸತ್ತಾಗ ಅಕ್ಕ, ನಾನು ಚಪ್ಪಾಳೆ ತಟ್ಟುತ್ತಿದ್ದೆವು. ಸತ್ತವನು ನಮ್ಮ ಪಕ್ಕದಲ್ಲೇ ಕೂತು ಮುಡಿ ತಿನ್ನುತ್ತಿದ್ದ, ಮಂಡಕ್ಕಿಗೆ ಬಂಗಾಳಿಗಳ ಹಾಗೆ ಮುಡಿ ಅನ್ನಲು ಅವನೂ ಕಲಿತಿದ್ದ. ನೀವೂ ಹೀಗೆ ಯಾರಿಗೋ ಚಪ್ಪಾಳೆ ತಟ್ಟಿರಬಹುದು.

ಒಮ್ಮೆ ಮಾತ್ರ ಬೇರೆಯ ಪಾತ್ರವೊಂದು ಬಂತು. ನಾಯಕಿಯ ಪಕ್ಕದ ಮನೆಯ ಮುಸಲ್ಮಾನ ಶಾಲಾ ಮೇಷ್ಟರು. ಮಕ್ಕಳಿಗೆ ಲೆಕ್ಕ ಹೇಳಿಕೊಡುವುದು, ಗಿಡಗಳಿಗೆ ನೀರು ಹಾಕುವುದು, ಅಷ್ಟೇ. ಇದನ್ನು ನನ್ನ ಸ್ವಂತ ಮುಖದಲ್ಲೇ ಮಾಡಲು ಬಿಡಿ ಎಂದು ಕಾಕಾ ಬೇಡಿಕೊಂಡ. ಎರಡೂ ತರಹ ನೋಡೋಣ ಎಂದ ನಿರ್ದೇಶಕ. ರಜೆಯ ಮಧ್ಯಾಹ್ನ ಕಾಕಾ ನನ್ನನ್ನೂ ಕರೆದುಕೊಂಡು ಹೋದ. ಮೊದಲು ಬರೀ ಬಿಳಿ ಅಂಗಿಯಲ್ಲಿ ದೀಪಗಳ ಕೆಳಗೆ ನಿಂತ. ಥೇಟ್ ಅಪ್ಪನ ಹಾಗೆ, ನಮ್ಮ ಮೆಟ್ಟಿಲು ಹತ್ತುವ ಯಾರ ಹಾಗಾದರೂ ಕಾಣುತ್ತಿದ್ದ. ಆಮೇಲೆ ಗಡ್ಡ ಅಂಟಿಸಿಕೊಂಡು ನಿಂತ. ನಿರ್ದೇಶಕ ನನ್ನ ಕಡೆ ಬಾಗಿ, "ಖೋಕಾ, ತುಮಿ ಬೊಲೋ ತೊ" ಎಂದು ಅಕ್ಕರೆಯಿಂದಲೇ ಕೇಳಿದ: ಮರಿ, ನೀನೇ ಹೇಳು, ಇವೆರಡರಲ್ಲಿ ಯಾವುದು ಮುಸಲ್ಮಾನನ ಮುಖ?

ನಮ್ಮ ಮನೆಯಲ್ಲಿ ಯಾವ ಗಂಡಸಿಗೂ ಗಡ್ಡವಿರಲಿಲ್ಲ. ನಾನು ಗಡ್ಡದ ಕಡೆ ಬೆರಳು ತೋರಿಸಿದೆ.

ಎಲ್ಲರೂ ನಕ್ಕರು. ಗಡ್ಡ ಬಂದ ಮೇಲೆ ಕಥೆಯೂ ಬದಲಾಯಿತು. ಕೆಲವೇ ಕಂತುಗಳಲ್ಲಿ ಮೇಷ್ಟರ ಮಂಚದ ಕೆಳಗೆ ಬಾಂಬು ಸಿಕ್ಕಿತು. ಕಾಕಾ ಊರಿಗೆ ಹೊರಟುಹೋದ. ಮತ್ತೆಂದೂ ಬಣ್ಣ ಹಚ್ಚಲಿಲ್ಲ, ರಾಜನಾಗಿ ಕೂಡ. ಅಲ್ಲೇ ತೀರಿಕೊಂಡ.

ಆ ಮಧ್ಯಾಹ್ನ ಸ್ಟುಡಿಯೋದಿಂದ ವಾಪಸ್ಸು ಬರುವಾಗ ಅವನು ನನ್ನನ್ನು ತನ್ನ ಪಕ್ಕದಲ್ಲಿ ಕೂರಿಸಿಕೊಂಡ. ಟ್ರಾಮು ಮೈದಾನದ ಮರಗಳ ನಡುವೆ ತೂಗುತ್ತ ಸಾಗುತ್ತಿತ್ತು. ಎಲೆಗಳ ಹಸಿರು ಬೆಳಕು ಒಳಗೆ ಬಂದು, ಜನರೆಲ್ಲ ನೀರಿನಡಿ ಕುಳಿತಂತಿದ್ದರು. ಅವನು ನನ್ನ ತಲೆಯನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡ. "ಮಲ್ಕೋ. ಎಸ್ಪ್ಲನೇಡ್ ಬಂದ್ರ ಎಬ್ಬಸ್ತೇನಿ."

ಇದನ್ನೆಲ್ಲ ಮೊನ್ನೆ ಡಮ್ ಡಮ್‌ನಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದೆ. ಅವಳು ಜೋರಾಗಿ ನಕ್ಕಳು. "ಏ ಪಾಗಲ್, ನೀ ಹೋಗೇ ಇರಲಿಲ್ಲೋ! ಆವತ್ತ ನಿನಗ ಜ್ವರ. ಅವ್ರು ಬ್ಯಾರೆ ಯಾವುದೋ ಹುಡುಗನ್ನ ಕೇಳಿದ್ರಂತ. ಕಾಕಾ ಬಂದು ಹೇಳಿದ್ದು ಕೇಳಿ, ನೀ ತಲ್ಯಾಗ ಪೂರಾ ಸಿನಿಮಾ ಮಾಡ್ಕೊಂಡೀ."

ಇರಬಹುದು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ತರಗತಿಯಲ್ಲಿ ಹೇಳುವವನು ನಾನೇ. ಆ ಧಾರಾವಾಹಿಯ ಒಂದು ಕಂತೂ ಈಗ ಎಲ್ಲೂ ಸಿಗುವುದಿಲ್ಲ. ಅಪ್ಪ, ಅವ್ವ ಇಲ್ಲ. ಅಕ್ಕನ ಮಾತು ಒಪ್ಪಿದರೆ ನನ್ನ ಬೆರಳು ಯಾರ ಕಡೆಗೂ ಚಾಚಿರಲಿಲ್ಲ, ನಾನು ನಿರಾಳ. ಆದರೆ ಜ್ವರದಲ್ಲಿ ಮಲಗಿದ್ದ ಹುಡುಗ ಆ ಟ್ರಾಮಿನಲ್ಲಿ ಇರಲಾರ. ಕಾಕಾನ ಕೈ ಅವನ ಕೂದಲಿನಲ್ಲಿ ಆಡಿರಲಾರದು. ಅದನ್ನು ಬಿಟ್ಟುಕೊಡಲು ನನ್ನಿಂದಾಗದು. ಆ ಮಧ್ಯಾಹ್ನ ನನ್ನದಾಗಿಯೇ ಇರಲಿ, ತಪ್ಪಿನ ಸಮೇತ.